ಕಾರಿನ ಮಾಡಿನಡಿ ಮೊದಲು ಕೂತವರು

ಬಿಸಿಲು ಮಳೆ ತಡೆಯಲು ತಲೆಯ ಮೇಲೊಂದು ಮಾಡು, ಒಂದು ಸೂರು ಬೇಕೆಂಬ ಬುದ್ಧಿ ಮನುಷ್ಯನಿಗೆ ಮನೆಯ ವಿಷಯದಲ್ಲಿ ಬಹಳ ಹಿಂದೆಯೇ ಬಂದಿರಬೇಕು. ಕಾರಿನ ವಿಷಯದಲ್ಲಿ ಅದು ನನಗೆ ಬಂದದ್ದು ನಲವತ್ತು ದಾಟಿದ ಮೇಲೆ, ಅದೂ ಹೆಂಡತಿಯ ಮೂಲಕ. ನಾಲ್ಕು ತಿಂಗಳು ಕೊಡೆ ಇಲ್ಲದೆ ಅಂಗಳಕ್ಕೆ ಇಳಿಯಲಾಗದ ಪುತ್ತೂರಿನಲ್ಲಿ ಗಟ್ಟಿ ಮಾಡಿಲ್ಲದ ಕಾರು ಕೊಂಡವನನ್ನು ಏನೆಂದು ಕರೆಯಬೇಕೋ ನೀವೇ ಹೇಳಿ. ಕೋರ್ಟಿನ ಮಿತ್ರರು ಹಲವು ಹೆಸರು ಇಟ್ಟಿದ್ದಾರೆ; ಬರೆಯಬಹುದಾದದ್ದು ಒಂದೂ ಇಲ್ಲ.

ಸ್ವದೇಶಕ್ಕೆ ಹೊರಟ ಒಬ್ಬ ಬಿಳಿಯ ಪ್ಲಾಂಟರ್ ದೊರೆಯಿಂದ ಆ ಕಾರು ಕೊಡಗಿನ ಘಾಟಿ ಇಳಿದು ನನ್ನ ಕೈಗೆ ಬಂದಿತ್ತು. ಎರಡೇ ಸೀಟು, ಉದ್ದ ಮೂತಿ, ಹಿಂದಕ್ಕೆ ಮಡಚುವ ಕ್ಯಾನ್ವಾಸಿನ ಹುಡ್. ಬೇಸಗೆಯಲ್ಲಿ ಹುಡ್ ಮಡಚಿಕೊಂಡು ಪೇಟೆಯಲ್ಲಿ ಹೋದರೆ ಎದುರು ಸಿಕ್ಕಿದ ಕಕ್ಷಿಗಾರರು ತಲೆಯ ಮುಟ್ಟಾಳೆ ತೆಗೆದು ನಮಸ್ಕರಿಸುತ್ತಿದ್ದರು. ನನಗೋ ಕಾರಿಗೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಮಳೆಗಾಲದ ಕತೆ ಬೇರೆ. ಆ ಹುಡ್ ಮಳೆಯನ್ನು ತಡೆಯುತ್ತಿರಲಿಲ್ಲ, ಸೋಸಿ ಕೊಡುತ್ತಿತ್ತು. ಒಮ್ಮೆ ನನ್ನ ಹೆಂಡತಿ ಶಾರದೆ ಸವಣೂರಿನ ತವರಿಗೆ ಹೋಗುವಾಗ ಹುಡ್ಡಿನ ಒಳಗೇ ಕೊಡೆ ಬಿಡಿಸಲು ನೋಡಿ, ಕೊಡೆಯ ಕಡ್ಡಿಯೂ ಮುರಿದು, ತಲುಪುವಾಗ ಸೀರೆಯ ಕೆಂಪೆಲ್ಲ ಸೀಟಿಗೆ ಇಳಿದಿತ್ತು. ಅವಳು ರೇಗಲಿಲ್ಲ. "ಇದಕ್ಕೆ ಗಟ್ಟಿ ಮಾಡು ಬರುವವರೆಗೆ ನಾನು ಹತ್ತುದಿಲ್ಲ. ಬಸ್ಸು ಉಂಟಲ್ಲ" ಎಂದಳು.

ಹೇಳಿದಂತೆಯೇ ಮಾಡಿದಳು. ಮುಂದೆ ಬಸ್ಸಿನಲ್ಲಿ ಅವಳು, ಹಿಂದೆ ಅದರ ಧೂಳು ಕುಡಿಯುತ್ತ ಕಾರಿನಲ್ಲಿ ನಾನೊಬ್ಬನೇ. ದಾರಿಯುದ್ದಕ್ಕೂ ನನ್ನ ವಾಹನ ಚಾಲನೆಯ ತಪ್ಪುಗಳನ್ನು ಹೇಳುವವರಿಲ್ಲದ ಆ ಖಾಲಿ ಸೀಟು ನೋಡಿ ನನಗೆ ನಿಜವಾಗಿಯೂ ಬೇಸರವಾಗುತ್ತಿತ್ತು. ಅಷ್ಟರಲ್ಲಿ ಅವಳ ಅಣ್ಣನ ಮಗಳ ಮದುವೆ ಮಳೆ ಹಿಡಿಯುವ ಹೊತ್ತಿಗೆ, ವೃಷಭ ತಿಂಗಳ ಕೊನೆಗೆ ನಿಶ್ಚಯವಾಯಿತು. ಮದುವೆಗೂ ನಾವು ಹೀಗೆ ಬೇರೆ ಬೇರೆಯಾಗಿ ಹೋಗಿ ಇಳಿದರೆ ನೆಂಟರ ನಡುವೆ ತಲೆ ಎತ್ತುವುದು ಹೇಗೆ?

ಆಗ ಕಡಬದ ಕಕ್ಷಿಗಾರರೊಬ್ಬರು ಒಂದು ಸುದ್ದಿ ತಂದರು. ಸುಳ್ಯದ ಆಚೆ ದೊಡ್ಡಣ್ಣ ಗೌಡರೆಂಬವರಲ್ಲಿ ಇಂಥದೇ ಕಾರು ಇತ್ತಂತೆ. ಕಾರು ಮಾರಿಯಾಗಿದೆ, ಅದಕ್ಕೆ ಕೂರಿಸುತ್ತಿದ್ದ ಲೋಹದ ಮಾಡು ಮಾತ್ರ ಉಳಿದಿದೆಯಂತೆ. ಅದು ಕಾರಿನ ಕಂಪೆನಿಯವರು ಕೊಟ್ಟದ್ದೂ ಅಲ್ಲ, ಬೊಂಬಾಯಿಯಲ್ಲಿ ಬೇರೆ ಯಾರೋ ಅಳತೆ ನೋಡಿ ಮಾಡಿದ್ದು. ಮರುದಿನವೇ ಸ್ಪ್ಯಾನರ್ ಹಿಡಿದುಕೊಂಡು ಹೊರಟೆ.

ಗೌಡರ ಅಂಗಳದ ಬದಿಯಲ್ಲಿ ನಾಲ್ಕು ಕೆಂಪುಕಲ್ಲಿನ ಮೇಲೆ ಅದು ಕೂತಿತ್ತು. ನಾನು ಹೆಣ್ಣು ನೋಡಲು ಹೋದಾಗಲೂ ಅಷ್ಟು ಹೊತ್ತು ನೋಡಿರಲಿಲ್ಲ. ಕಡು ಹಸಿರು ಅಲ್ಯುಮಿನಿಯಂ, ಹಿಂದೆ ದುಂಡು ಗಾಜು, ಮುಂದೆ ಎರಡು ಹಿತ್ತಾಳೆಯ ಚಿಲಕ. ಮಾಡಿದ ಪುಣ್ಯಾತ್ಮನ ಕೈಗೆ ಬಂಗಾರದ ಬಳೆ ತೊಡಿಸಬೇಕು ಅನ್ನಿಸಿತು. ಮೆಚ್ಚಿಕೊಂಡು ಮೆಲ್ಲನೆ ತಟ್ಟಿದೆ. ಒಳಗಿನಿಂದ ಯಾರೋ ಗದರಿದರು. ಬಗ್ಗಿ ನೋಡಿದರೆ ಒಂದು ಹೇಂಟೆ, ಗರಿ ಕೆದರಿಕೊಂಡು ನನ್ನನ್ನೇ ನೋಡುತ್ತಿತ್ತು.

ಗೌಡರೊಂದಿಗೆ ಎಲೆಯಡಿಕೆ ಹಾಕಿ ಕ್ರಯ ಮಾತಾಡಿ ಮುಗಿಯಿತು. ಮಾಡು ಎತ್ತಲೆಂದು ಚಿಲಕಕ್ಕೆ ಕೈ ಹಾಕುವಾಗ ಗೌಡರ ಹೆಂಡತಿ ಪೂವಕ್ಕ ಹೊರಗೆ ಬಂದರು.

"ಅದು ಕಾವಿಗೆ ಕೂತಾಗಿದೆ. ಈಗ ಎಬ್ಬಿಸಿದರೆ ಮತ್ತೆ ಕೂರುದಿಲ್ಲ, ಮೊಟ್ಟೆ ಎಲ್ಲ ಹಾಳು. ಮರಿ ಬಂದ ಮೇಲೆ ಕೊಂಡುಹೋಗಿ."

ಮಾಡನ್ನು ನಾನು ಈಗಾಗಲೇ ಕೊಂಡಾಗಿದೆ ಎಂದು ಮೆಲ್ಲನೆ ನೆನಪಿಸಿದೆ.

"ನೀವು ಕೊಂಡದ್ದು ಹೌದು ಮಾರಾಯ್ರೆ. ಅದು ಕೂತದ್ದು ಮೊದಲು."

ನಾನು ಯಾರೆಂದು ಆ ಮಹಾತಾಯಿಗೆ ಗೊತ್ತಿರಲಿಲ್ಲ. ನನ್ನ ಅನ್ನವೆಲ್ಲ ಗೇಣಿ ವ್ಯಾಜ್ಯಗಳದ್ದು. ಜಾಗ ಯಾರಿಗೆ ಮಾರಿದರೂ ಅದರಲ್ಲಿ ಕೂತ ಒಕ್ಕಲನ್ನು ಎಬ್ಬಿಸಲಾಗದು ಎಂದು ಮುನ್ಸೀಫರ ಮುಂದೆ ಗಂಟಲು ಹರಿಯುವಂತೆ ವಾದಿಸುವವನು ನಾನೇ. ನಾನು ಅರ್ಧ ದಿನ ತೆಗೆದುಕೊಳ್ಳುವ ವಾದವನ್ನು ಪೂವಕ್ಕ ಮೂರು ಮಾತಿನಲ್ಲಿ ಮುಗಿಸಿದ್ದರು. ಸಹಾಯಕ್ಕೆಂದು ಗೌಡರ ಮುಖ ನೋಡಿದೆ. ಅವರು ಬಹಳ ಆಸಕ್ತಿಯಿಂದ ಆಕಾಶ ನೋಡುತ್ತಿದ್ದರು. ಮನಸ್ಸಿನಲ್ಲೇ ಪೂವಕ್ಕನಿಗೆ ಕೈಮುಗಿದು, ಮರಿ ಬಂದರೆ ಪುತ್ತೂರಿನ ಕೋರ್ಟಿಗೆ ಹೇಳಿಕಳಿಸಿ ಎಂದು ಬರಿಗೈಯಲ್ಲಿ ಹಿಂದೆ ಬಂದೆ.

ಶಾರದೆ ನನ್ನ ಪರ ನಾಲ್ಕು ಮಾತಾಡಿಯಾಳು ಎಂದುಕೊಂಡಿದ್ದೆ. ಎಲ್ಲವನ್ನೂ ಕೇಳಿ, ಆ ಹೆಂಗಸು ಹೇಳಿದ್ದೇ ಸರಿ, ಕಾವಿಗೆ ಕೂತದ್ದನ್ನು ಎಬ್ಬಿಸಿ ತಂದ ಮಾಡಿನಡಿ ತಾನೂ ಕೂರುವುದಿಲ್ಲ ಎಂದಳು. ಅಂದಿನಿಂದ ಸುಳ್ಯದ ಒಂದು ಕೋಳಿಯ ಕ್ಷೇಮ ಪುತ್ತೂರಿನ ನಮ್ಮ ಮನೆಯ ದೊಡ್ಡ ಚಿಂತೆಯಾಯಿತು. ಗುಡುಗಿದರೆ ನಾನು ಎದ್ದು ಕೂರುತ್ತಿದ್ದೆ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಯಾರೋ ಹೇಳಿದ್ದರು.

ಮದುವೆಯ ಮುನ್ನಾದಿನ ಸುಳ್ಯದ ಬಸ್ಸಿನ ಕಂಡಕ್ಟರು ಕೋರ್ಟಿನ ಜಗಲಿಗೆ ಬಂದು, ಮರಿ ಬಂದಿದೆಯಂತೆ, ಇನ್ನು ಬರಬಹುದಂತೆ ಎಂದು ಪೂವಕ್ಕನ ಮಾತು ಒಪ್ಪಿಸಿ ಹೋದ. ಓಡಿದೆ. ಪೂವಕ್ಕ ಮಾಡನ್ನು ಒಳಗೂ ಹೊರಗೂ ತೊಳೆದು ಗಾಜನ್ನೂ ಒರೆಸಿ ಇಟ್ಟಿದ್ದರು. ಗೌಡರೂ ನಾನೂ ಎತ್ತಿ ಕೂರಿಸಿದೆವು. ನನ್ನ ಬದಿಯ ಮೂಲೆಯಲ್ಲಿ ಸ್ವಲ್ಪ ಸಂದು ಉಳಿಯಿತು; ಗೌಡರು ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ತುರುಕಿದರು. ಹಿಂದೆ ಸರಿದು ನೋಡಿದೆ. ಕಾರಿಗೆ ಹೊಸ ಮುಟ್ಟಾಳೆ ಇಟ್ಟ ಹಾಗೆ ಬಹಳ ಚಂದ ಕಾಣುತ್ತಿತ್ತು.

ಮದುವೆಯ ದಿನ ಆ ವರ್ಷದ ಮೊದಲ ದೊಡ್ಡ ಮಳೆ. ಶಾರದೆ ಮಡಿಕೆ ಮುರಿಯದ ಸೀರೆಯಲ್ಲಿ, ಬಾಡದ ಮಲ್ಲಿಗೆಯಲ್ಲಿ ಮಹಾರಾಣಿಯಂತೆ ಇಳಿದಳು. ಸೈಕಲ್ ಟ್ಯೂಬಿನ ಮೂಲೆಯಿಂದ ದಾರಿಯುದ್ದಕ್ಕೂ ನನ್ನ ಬಲಭುಜದ ಮೇಲೆ ಹನಿ ಬೀಳುತ್ತಿತ್ತು. ನಾನು ಹೇಳಲಿಲ್ಲ. ಪಕ್ಕದ ಸೀಟು ತುಂಬಿತ್ತು, ನನ್ನ ತಪ್ಪುಗಳ ಎಣಿಕೆ ಮತ್ತೆ ಶುರುವಾಗಿತ್ತು, ನನಗೆ ಅಷ್ಟು ಸಾಕಿತ್ತು.

ಮಳೆಗಾಲ ಮುಗಿದು ಬಿಸಿಲು ಬಂತು. ಮಾಡು ತೆಗೆದು ಮತ್ತೆ ಗಾಳಿಗೆ ಮುಖ ಕೊಟ್ಟು ಪೇಟೆಯಲ್ಲಿ ಹೋಗುವ ಆಸೆ ನನಗೆ. ಒಂದು ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಕಾರಿನ ಹತ್ತಿರ ಹೋದರೆ, ಸವಣೂರಿಗೆ ಹೊರಟ ಶಾರದೆ ಆಗಲೇ ಒಳಗೆ ಕೂತಿದ್ದಳು, ಮಡಿಲಲ್ಲಿ ಚೀಲ ಇಟ್ಟುಕೊಂಡು. ನಾನು ಮಾಡಿನ ಚಿಲಕದತ್ತ ಕೈ ಚಾಚಿದೆ.

"ನಾನು ಕೂತಾಗಿದೆ" ಎಂದಳು.

ಇದರ ಮೇಲೆ ಅಪೀಲು ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲ ವಕೀಲ ಈ ತಾಲೂಕಿನಲ್ಲಿ ಇಲ್ಲ. ಸ್ಪ್ಯಾನರನ್ನು ಸೀಟಿನ ಅಡಿಗೆ ತಳ್ಳಿ ಕಾರು ಹೊರಡಿಸಿದೆ.