ದಸ್ತಗೀರಸಾಬನ ಕಿವಿ ಮತ್ತು ನಾನು ತುಂಬಿದ ಅರ್ಜಿ

ದಸ್ತಗೀರಸಾಬನನ್ನು ನಾನು ಮೊದಲು ಕಂಡದ್ದು ನಮ್ಮೂರ ಕಾಲುವೆಗೆ ಮೊಟ್ಟಮೊದಲು ನೀರು ಬಿಟ್ಟ ದಿನ. ಆಗ ನಾನು ಹೊಸದಾಗಿ ನೌಕರಿಗೆ ಸೇರಿದ ಕನ್ನಡ ಮಾಸ್ತರ. ಮೀಸೆ ತೆಳ್ಳಗಿತ್ತು, ಗತ್ತು ದಪ್ಪಗಿತ್ತು. ಐದನೆಯ ತರಗತಿಯ ಮಕ್ಕಳನ್ನು ಸಾಲಾಗಿ ಕರೆದೊಯ್ದು ಒಣ ಕಾಲುವೆಯ ಏರಿಯ ಮೇಲೆ ನಿಲ್ಲಿಸಿ, ನೀರಿನ ಮಹತ್ವ ಕುರಿತು ಭಾಷಣ ಆರಂಭಿಸಿದ್ದೆ. ಗೇಟಿನ ಬಳಿ ಕುಳಿತಿದ್ದ ಸಣಕಲು ಯುವಕನೊಬ್ಬ ಕೈ ಎತ್ತಿದ.

"ಮಾಸ್ತರ್, ಸ್ವಲ್ಪ ಬಾಯಿ ಮುಚ್ರಿ. ನೀರು ಬರಾಕತ್ತದ."

ನಾನು ಕತ್ತು ಚಾಚಿ ನೋಡಿದೆ. ಒಂದು ಹನಿಯೂ ಕಾಣಲಿಲ್ಲ. ಅವನಿಗೆ ಮಾತ್ರ ಕೇಳಿಸಿತ್ತು! ಹತ್ತು ನಿಮಿಷದ ಮೇಲೆ ಕಸಕಡ್ಡಿ ದಬ್ಬಿಕೊಂಡು, ನೊರೆ ಹೊತ್ತುಕೊಂಡು ನೀರು ಬಂತು. ಮಕ್ಕಳು ನನ್ನನ್ನೂ ನನ್ನ ಭಾಷಣವನ್ನೂ ಅಲ್ಲೇ ಬಿಟ್ಟು ಅವನ ಕಡೆಗೆ ಓಡಿದರು. ಅಂದಿನಿಂದ ನಾವಿಬ್ಬರೂ ಗೆಳೆಯರು. ನಾನು ನಿವೃತ್ತನಾದೆ, ಅವನು ಇನ್ನೂ ಅದೇ ಗೇಟಿನ ಕಾವಲಿಗೆ ದಿನಗೂಲಿಯವನಾಗಿಯೇ ಉಳಿದ.

ಈಗ ನನ್ನ ಬಗ್ಗೆ ಒಂದು ಮಾತು. ಗುಟ್ಟು ಕಾಯುವುದರಲ್ಲಿ ನನ್ನನ್ನು ಮೀರಿಸುವವರು ಈ ಮೂರು ತಾಲೂಕುಗಳಲ್ಲಿ ಇಲ್ಲ ಎಂದು ನಾನು ನಂಬಿದ್ದೆ. ಮೂವತ್ತಾರು ವರ್ಷ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಕಾಯ್ದವನು ನಾನು! ನನ್ನ ಕಪಾಟಿನಿಂದ ಒಂದು ಪ್ರಶ್ನೆ ಹೋಗಲಿ, ಒಂದು ಅಲ್ಪವಿರಾಮವೂ ಹೊರಬಿದ್ದಿರಲಿಲ್ಲ.

ಈ ಖ್ಯಾತಿಯನ್ನು ನಂಬಿ ಹೋದ ವರ್ಷ ಒಂದು ಮಧ್ಯಾಹ್ನ ದಸ್ತಗೀರಸಾಬ ಹೆಂಡತಿ ಕುಬ್ರಾಬೇಗಂಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಅವನು ನೆಲ ನೋಡುತ್ತ ಕುಳಿತ. ಅವಳೇ ಬಾಯಿ ಬಿಟ್ಟಳು.

"ಭಾಯಿಸಾಬ್, ಇವರಿಗಿ ಕಿವಿ ಕೇಳಾದಿಲ್ಲ. ಆರು ವರ್ಷ ಆತು."

ನಾನು ನಕ್ಕೆ. ನೀರಿನ ಸದ್ದನ್ನು ಹರದಾರಿ ದೂರದಿಂದ ಹಿಡಿದ ಕಿವಿಯಲ್ಲವೇ ಅದು! ಪರೀಕ್ಷಿಸೋಣವೆಂದು ಅವನ ಬೆನ್ನ ಹಿಂದೆ ಹೋಗಿ, "ದಸ್ತಗೀರ, ಚಹಾ ಕುಡೀತಿಯೇನು?" ಎಂದೆ. ಚಹಾಕ್ಕೂ ಅವನು ತಿರುಗಲಿಲ್ಲ! ಆಗ ನನ್ನ ನಗು ಇಂಗಿತು. ಮೂವತ್ತು ವರ್ಷ ಗೇಟಿನ ಬಾಯಲ್ಲಿ ಭೋರ್ಗರೆದ ನೀರು ಅವನ ಕಿವಿಯನ್ನು ತಿಂದುಹಾಕಿತ್ತು.

"ಹಂಗಾರ ಇಂಜಿನಿಯರ್ ಸಾಹೇಬರ ಫೋನು ಬಂದ್ರ?" ಎಂದು ಕೇಳಿದೆ.

ಕುಬ್ರಾಬೇಗಂ ಕೈ ತೋರಿಸಿದಳು. ಫೋನು ಬಂದಾಗ ಅವಳು ಕಿವಿಗೆ ಹಿಡಿಯುತ್ತಾಳೆ. ಅಂಗೈ ಮೇಲಾದರೆ ಗೇಟು ಎತ್ತಬೇಕು, ಕೆಳಗಾದರೆ ಇಳಿಸಬೇಕು. ಒಂದು ಬೆರಳಿಗೆ ಒಂದು ಇಂಚು. ಗಂಡನಿಗೆ ರೊಟ್ಟಿ ತರುವ ನೆಪದಲ್ಲಿ ಅವಳು ದಿನವಿಡೀ ಏರಿಯ ಮೇಲೆ ಕುಳಿತಿರುತ್ತಿದ್ದುದು ಇದಕ್ಕೆ! ಆರು ವರ್ಷ ಇಡೀ ಕಾಲುವೆ ಆ ಹೆಣ್ಣುಮಗಳ ಬೆರಳಿನ ಮೇಲೆ ಹರಿದಿತ್ತು.

"ಮಾಸ್ತರ್, ಸಾಹೇಬ್ರಿಗಿ ತಿಳಿದ್ರ ಗೇಟಿನ ಚಾವಿ ಕಸ್ಕೋತಾರ್ರಿ," ಎಂದ ದಸ್ತಗೀರಸಾಬ. "ಕಿವಿಗಿ ಹಾಕೋ ಮಿಷಿನ್ ಸಿಗ್ತದಂತ. ಯಾವುದು ಛಲೋ ಅಂತ ನಿಮ್ಮ ಫೋನಿನಾಗ ನೋಡ್ರಿ. ಆದ್ರ ಈ ಮಾತು ನಿಮ್ಮ ಹೊಸ್ತಿಲು ದಾಟಬಾರ್ದು."

"ದಸ್ತಗೀರ!" ಎಂದು ನಾನು ಎದೆ ತಟ್ಟಿಕೊಂಡೆ. "ಇದು ಕಬ್ಬಿಣದ ಪೆಟ್ಟಿಗೆ!"

ಅವನಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಆಮೇಲೂ ಕೇಳಿಸಲಿಲ್ಲ. ಮೂರನೆಯ ಸಲ ನಾನು ಕೂಗಿದ್ದಕ್ಕೆ ಅಡುಗೆಮನೆಯಿಂದ ನನ್ನ ಹೆಂಡತಿ ಮರಿಲಿಂಗಮ್ಮ ಹೊರಬಂದಳು.

"ಏನ್ರಿ, ಗುಟ್ಟು ಕಾಯ್ತೀನಿ ಅಂತ ಓಣಿಗೆಲ್ಲಾ ಡಂಗುರ ಹೊಡ್ಯಾಕತ್ತೀರಲ್ಲ!"

ರಾತ್ರಿಯವರೆಗೂ ಕಾಯಲಿಲ್ಲ ನಾನು; ಅವರು ಹೋದ ಕೂಡಲೇ ಕನ್ನಡಕ ಏರಿಸಿ ಫೋನು ಹಿಡಿದೆ. 'ಕಿವಿ ಕೇಳುವ ಯಂತ್ರ' ಎಂದು ಬರೆದದ್ದೇ ತಡ, ಕಂಪನಿಯೊಂದು ಪರದೆಯ ಮೇಲೆ ಜಿಗಿದು ಬಂತು. 'ನಿಮ್ಮ ಫೋನಿನಲ್ಲಿರುವ ಮಾಹಿತಿ ನೋಡಲು ಅನುಮತಿಸುವಿರಾ?' ಎಂದು ಕೇಳಿತು. ಎಂಥ ವಿನಯ! ನನ್ನ ತರಗತಿಯ ಯಾವ ಹುಡುಗನೂ ಇಷ್ಟು ನಯವಾಗಿ ಅನುಮತಿ ಕೇಳಿರಲಿಲ್ಲ. ಅನುಮತಿಸಿದೆ. ಮತ್ತೊಂದು ಕೇಳಿತು. ಅದನ್ನೂ ಅನುಮತಿಸಿದೆ. ಕೇಳಿದ್ದಕ್ಕೆಲ್ಲ ವರ ಕೊಡುತ್ತ ಹೋದೆ!

ಆಮೇಲೆ ಅರ್ಜಿ ಬಂತು. ಅರ್ಜಿಯಲ್ಲಿ ಒಂದು ಅಂಕಣ ಖಾಲಿ ಬಿಟ್ಟರೂ ನನಗೆ ಆ ದಿನ ಊಟ ಸೇರುವುದಿಲ್ಲ. ಕಿವಿ ಕೇಳದವರ ಹೆಸರು: ದಸ್ತಗೀರಸಾಬ. ವಯಸ್ಸು: ಐವತ್ತೇಳು. ಉದ್ಯೋಗ: ಕಾಲುವೆಯ ಗೇಟು. ಎಷ್ಟು ವರ್ಷದಿಂದ: ಆರು. ಕೊನೆಗೆ, 'ನಿಮ್ಮ ಪರಿಚಯದ ಐವರ ಹೆಸರು ಮತ್ತು ಮೊಬೈಲ್ ಸಂಖ್ಯೆ' ಎಂದಿತ್ತು.

ಇದು ನನಗೆ ಗೊತ್ತಿದ್ದ ಪದ್ಧತಿ! ನಮ್ಮ ಕಾಲದಲ್ಲಿ ಎಮ್ಮೆಯ ಸಾಲಕ್ಕೆ ಅರ್ಜಿ ಹಾಕಿದರೂ, ಈ ಮನುಷ್ಯ ಸಭ್ಯ ಎಂದು ಇಬ್ಬರು ಗಣ್ಯರು ಸಾಕ್ಷಿ ಹೇಳಬೇಕಿತ್ತು. ಇಲ್ಲಿ ಐವರನ್ನು ಕೇಳಿದ್ದಾರೆಂದರೆ ಕಂಪನಿ ಎಷ್ಟು ಕಟ್ಟುನಿಟ್ಟಿನದಿರಬೇಕು! ದಸ್ತಗೀರನ ಘನತೆಗೆ ಕುಂದು ಬರಬಾರದೆಂದು ಭಾರಿ ಭಾರಿ ಹೆಸರುಗಳನ್ನೇ ಆರಿಸಿದೆ. ಮೊದಲನೆಯದು, ಕಾಲುವೆಯ ಇಂಜಿನಿಯರ್ ಸಾಹೇಬರು. ಎರಡನೆಯದು, ನೀರು ಬಳಸುವ ರೈತರ ಸಂಘದ ಅಧ್ಯಕ್ಷ ಹುಲಗಪ್ಪ. ಉಳಿದ ಮೂರು ಜಾಗಕ್ಕೆ ಹೈಸ್ಕೂಲಿನ ಹೆಡ್‌ಮಾಸ್ತರರು, ಪಂಚಾಯಿತಿಯ ಪಿಡಿಓ, ಅಂಚೆ ಕಚೇರಿಯವರು.

ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಏನೋ ಇತ್ತು. 'ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ' ಎಂದು ಸಾವಿರಾರು ಮಕ್ಕಳ ಕಿವಿ ಹಿಂಡಿದ ನಾನು, ಅದನ್ನು ಓದದೆ ಒಪ್ಪಿಗೆಯ ಗುರುತು ಹಾಕಿದೆ.

ಮರುದಿನ ಬೆಳಿಗ್ಗೆ ಪತ್ರಿಕೆ ಓದಲು ಫೋನು ತೆರೆದರೆ, ಅಂಗೈ ಅಗಲದ ಒಂದು ಕಿವಿ! ಮಳೆಯ ಸುದ್ದಿ ನೋಡಿದರೆ ಕಿವಿ, ತೊಗರಿಯ ಧಾರಣೆ ನೋಡಿದರೆ ಕಿವಿ. ಮರಿಲಿಂಗಮ್ಮ ಅದೇ ಫೋನಿನಲ್ಲಿ ಭಜನೆ ಹಚ್ಚಿದರೆ, ಭಜನೆಯ ನಡುವೆ ಒಬ್ಬ ಮುದುಕ ಬಂದು, 'ನನಗೀಗ ಎಲ್ಲವೂ ಕೇಳಿಸುತ್ತಿದೆ!' ಎಂದು ಕುಣಿದ.

ಮರಿಲಿಂಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮಗ ಕಿವಿ ಮಂದ ಆಗ್ಯಾವೇನ್ರಿ?"

"ಇಲ್ಲ ಮಾರಾಯ್ತಿ!"

"ಖರೇ ಹೇಳ್ರಿ. ಹಂಗಾರ ನಲವತ್ತು ವರ್ಷದಿಂದ ನಾ ಹೇಳಿದ್ದೆಲ್ಲಾ ನಿಮಗ ಕೇಳಸ್ತಿತ್ತು?"

ಹೌದೆಂದರೂ ಕಷ್ಟ, ಇಲ್ಲವೆಂದರೂ ಕಷ್ಟ. ಚೀಲ ಹಿಡಿದು ಕಿರಾಣಿ ಅಂಗಡಿಗೆ ಓಡಿದೆ. ಅಲ್ಲಿ ಫೋನು ಬಂತು. ಕಂಪನಿಯ ಹುಡುಗಿ. ಫೋನು ಎತ್ತಿದವನೇ ಕಿವುಡನೆಂದು ತಿಳಿದಿದ್ದಳೆಂದು ತೋರುತ್ತದೆ. ಫೋನೇ ಬೇಡ, ಬೆಂಗಳೂರಿನಿಂದ ನೇರವಾಗಿ ಕೇಳಿಸುವಂತೆ ಕಿರುಚಿದಳು.

"ಸಾರ್! ಕೇಳಿಸ್ತಾ ಇದೆಯಾ ಸಾರ್! ದಸ್ತಗೀರಸಾಬ್ ಅವರ ಕಿವಿ ಬಗ್ಗೆ ಮಾತಾಡ್ಬೇಕಿತ್ತು!"

ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದವನ ಕೈ ನಿಂತಿತು. ನಾನು ಫೋನನ್ನು ಜೋಳದ ಚೀಲಕ್ಕೆ ತುರುಕಿದೆ. ಚೀಲದೊಳಗಿನಿಂದಲೂ ಅವಳು ಕೂಗುತ್ತಲೇ ಇದ್ದಳು.

ನಾಲ್ಕನೆಯ ದಿನ ಆ ಐವರು ಗಣ್ಯರಿಗೂ ಕಂಪನಿಯ ಸಂದೇಶ ತಲುಪಿತು. ಅದರ ಒಕ್ಕಣೆ ಇಂದಿಗೂ ನನಗೆ ಬಾಯಿಪಾಠ: 'ನಮಸ್ಕಾರ! ಆರು ವರ್ಷದಿಂದ ಕಿವಿ ಕೇಳದ, ಕಾಲುವೆ ಗೇಟಿನ ದಸ್ತಗೀರಸಾಬ ಅವರು ನಿಮ್ಮ ಹೆಸರನ್ನು ಸೂಚಿಸಿದ್ದಾರೆ. ನಿಮಗೂ ಕಿವಿ ಕೇಳಿಸುವುದಿಲ್ಲವೇ? ಸಂಕೋಚ ಬೇಡ!'

ಹುಲಗಪ್ಪ ಅದನ್ನು ತೆಗೆದು ರೈತರ ವಾಟ್ಸಾಪ್ ಗುಂಪಿಗೆ ಹಾಕಿದ. ಯಾರ ಹೊಲಕ್ಕೆ ಯಾವಾಗ ನೀರಿನ ಪಾಳಿ ಎಂದು ತಿಳಿಸುವ ಗುಂಪು ಅದು, ಇಂಜಿನಿಯರ್ ಸಾಹೇಬರೂ ಸೇರಿ ಇನ್ನೂರನಲವತ್ತು ಜನ! ಒಬ್ಬ, "ಅದಕ್ಕ ಮೊನ್ನಿ ನಾ ಅಷ್ಟು ಬೈದ್ರೂ ನಕ್ಕೋತ ನಿಂತಿದ್ದ!" ಎಂದು ಬರೆದ. ಇನ್ನೊಬ್ಬ, "ಇಂವಾ ಗೇಟು ಹೆಂಗ ಕಾಯ್ತಾನ? ಏರಿ ಒಡದ್ರ ಯಾರ ಮನಿ ಹೋಗ್ತದ?" ಎಂದ.

ಗೆಳೆಯನ ಮಾನ ಉಳಿಸಲು ನಾನು ಧಾವಿಸಿದೆ. ಗುಂಪಿಗೆ ಶುದ್ಧ ಕನ್ನಡದಲ್ಲಿ, ಒಂದೂ ತಪ್ಪಿಲ್ಲದೆ ಬರೆದೆ: 'ಮಾನ್ಯರೇ, ಈ ಸುದ್ದಿಯನ್ನು ಯಾರೂ ನಂಬಬಾರದು. ತನ್ನ ಕಿವಿಯ ವಿಷಯವನ್ನು ದಸ್ತಗೀರಸಾಬ ನನ್ನೊಬ್ಬನಿಗೆ ಮಾತ್ರ ಗುಟ್ಟಾಗಿ ತಿಳಿಸಿದ್ದು, ಅದು ಹೊರಗೆ ಬರುವ ಸಾಧ್ಯತೆಯೇ ಇಲ್ಲ.'

ಕಳಿಸಿದ ಮೇಲೆ ಓದಿದೆ. ಅಳಿಸುವುದು ಹೇಗೆಂದು ತಿಳಿಯಲಿಲ್ಲ. ಎಲ್ಲೆಲ್ಲೋ ಒತ್ತಿದೆ. ಅದು ಇನ್ನೆರಡು ಸಲ ಹೋಯಿತು!

ನಾನು ಕಾಲುವೆಗೆ ಓಡುವ ಹೊತ್ತಿಗೆ ಇಂಜಿನಿಯರ್ ಸಾಹೇಬರ ಜೀಪು ಅಲ್ಲಿತ್ತು. ದುರದೃಷ್ಟಕ್ಕೆ ಕುಬ್ರಾಬೇಗಂ ಆಗಷ್ಟೇ ಮನೆಗೆ ಹೋಗಿದ್ದಳು. ದಸ್ತಗೀರಸಾಬನಿಗೆ ಬೆರಳು ತೋರಿಸುವವರಿರಲಿಲ್ಲ. ಸಾಹೇಬರು ಫೋನು ಅಲುಗಾಡಿಸುತ್ತ ಕೇಳಿದರು:

"ಏನಪಾ, ನನಗ ಕಿವುಡ ಅಂತ ಶಿಫಾರಸ್ ಮಾಡೀಯೇನು?"

ದಸ್ತಗೀರಸಾಬ ನಗುತ್ತ ಕೈ ಮುಗಿದ. "ಹೌದ್ರಿ ಸಾಹೇಬ್ರ. ಎಲ್ಲಾ ನಿಮ್ಮ ದಯಾ!"

ಸಾಹೇಬರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಅವನ ಬೆನ್ನ ಹಿಂದೆ ಹೋಗಿ ಎರಡು ಸಲ ಹೆಸರು ಹಿಡಿದು ಕರೆದರು. ಅವನು ಗೇಟಿಗೆ ಎಣ್ಣೆ ಹಾಕುತ್ತಲೇ ಇದ್ದ. ಸಾಹೇಬರು ಮುಂದೆ ಬಂದು ಕೈ ಚಾಚಿದರು. ಮಾತಿಲ್ಲದೆಯೂ ಅದು ಅವನಿಗೆ ತಿಳಿಯಿತು. ಸೊಂಟದ ದಾರದಿಂದ ಚಾವಿ ಬಿಚ್ಚಿ ಕೊಟ್ಟ.

"ಮಿಷಿನ್ ಹಾಕ್ಕೊಂಡು ಬಾ. ಅಲ್ಲೀತನಕ ಗೇಟಿಗಿ ಕೈ ಹಚ್ಚಬ್ಯಾಡ," ಎಂದು ಸಾಹೇಬರು ನನ್ನ ಕಡೆ ತಿರುಗಿದರು. "ತಿಳಿಸಿ ಹೇಳ್ರಿ ಮಾಸ್ತರ. ನಿಮಗ ಬರಿಯಾಕ ಭಾಳ ಛಲೋ ಬರ್ತದಲ್ಲ."

ದಸ್ತಗೀರಸಾಬ ನನ್ನನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆ. ಅಷ್ಟರಲ್ಲಿ ರೊಟ್ಟಿಯ ಗಂಟು ಹಿಡಿದು ಓಡಿಬಂದ ಕುಬ್ರಾಬೇಗಂ ಗಂಡನ ಬರಿದಾದ ಸೊಂಟ ನೋಡಿ ನಿಂತುಬಿಟ್ಟಳು.

"ಆರು ವರ್ಷ ನಾ ಒಬ್ಬಾಕಿ ಮುಚ್ಚಿ ಇಟ್ಟಿದ್ದೆ ಭಾಯಿಸಾಬ್," ಎಂದಳು. "ನಿಮ್ಮ ಕೈಯಾಗ ಆರು ದಿನ ಉಳೀಲಿಲ್ಲ."

ಮೂವತ್ತಾರು ವರ್ಷ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು, ಅಂದು ಏರಿಯ ಮೇಲೆ ಹಾಗೆಯೇ ನಿಂತಿದ್ದೆ.

ಕಂಪನಿಯ ಗೊಡವೆ ಬಿಟ್ಟು, ಮರುದಿನವೇ ಅವನನ್ನು ಯಾದಗಿರಿಗೆ ಕರೆದುಕೊಂಡು ಹೋದೆ. ಡಾಕ್ಟರರು ತಪಾಸಣೆ ಮಾಡಿ ಯಂತ್ರ ಬರೆದುಕೊಟ್ಟರು. ಅಲ್ಲಿಯೂ ಒಂದು ಅರ್ಜಿ ಇತ್ತು. ನಾನು ಪೆನ್ನು ತೆಗೆದೆ. ದಸ್ತಗೀರಸಾಬ ಮೆಲ್ಲನೆ ಆ ಕಾಗದವನ್ನು ನನ್ನ ಮುಂದಿನಿಂದ ಎಳೆದು, ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಹೆಣ್ಣುಮಗಳಿಗೆ ಕೊಟ್ಟು, "ಬೇಟಿ, ನೀ ಬರಿಯವ್ವಾ," ಎಂದ.

ಯಂತ್ರ ಕೈಗೆ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಅವನು ತೊಗರಿಯ ಹೊಲಗಳಿಗೆ ಕೂಲಿಗೆ ಹೋದ. ಗೇಟಿಗೆ ಬದಲಿಯಾಗಿ ಬಂದವನ ಕಿವಿ ಬಹಳ ಚುರುಕು. ಯಾರು ಜೋರಾಗಿ ಕೂಗುತ್ತಾರೋ ಅವರ ಹೊಲಕ್ಕೆ ನೀರು ಬಿಟ್ಟ! ಕಾಲುವೆಯ ತುದಿಯಲ್ಲಿದ್ದ ಹುಲಗಪ್ಪನ ಭತ್ತ ಒಣಗತೊಡಗಿದಾಗ, ಗುಂಪಿಗೆ ಸುದ್ದಿ ಹಾಕಿದ್ದ ಅವನೇ ಸಾಹೇಬರ ಮುಂದೆ ಹೋಗಿ ನಿಂತ. "ಸಾಹೇಬ್ರ, ನಮಗ ಆ ಕಿವುಡನೇ ಇರಲ್ರಿ. ಪಾಳಿ ತಪ್ಪಸ್ತಿದ್ದಿಲ್ಲ." ಯಂತ್ರ ಬಂದ ದಿನ ಸಾಹೇಬರು ಮತ್ತೆ ಅವನ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದರು. ದಸ್ತಗೀರಸಾಬ ತಟ್ಟನೆ ತಿರುಗಿದ. ಚಾವಿ ಅವನ ಸೊಂಟಕ್ಕೆ ಮರಳಿತು.

ಈಗ ಅವನು ಅದೇ ಗೇಟಿನಲ್ಲಿದ್ದಾನೆ. ಫೋನು ಬಂದರೆ ತಾನೇ ಮಾತನಾಡುತ್ತಾನೆ. ರೈತರು ಗೊಣಗಿದ ಬೈಗುಳಗಳೆಲ್ಲ ಈಗ ಕೇಳಿಸುತ್ತವೆ. ಒಂದೊಂದಕ್ಕೂ ಬಡ್ಡಿ ಸೇರಿಸಿ ಹಿಂದಿರುಗಿಸುತ್ತಾನೆ. ಕುಬ್ರಾಬೇಗಂ ಏರಿಯ ಮೇಲೆ ಕುಳಿತು ಕೌದಿ ಹೊಲಿಯುತ್ತಾಳೆ.

ದಿನಾ ಸಂಜೆ ನಾನೂ ಅಲ್ಲಿಗೆ ಹೋಗುತ್ತೇನೆ, ಕ್ಷಮೆ ಕೇಳಲು. ನನ್ನನ್ನು ದೂರದಿಂದ ಕಂಡ ಕೂಡಲೇ ದಸ್ತಗೀರಸಾಬ ಕಟ್ಟೆಯ ಧೂಳು ಒರೆಸಿ ಜಾಗ ಮಾಡುತ್ತಾನೆ. ಚಹಾ ಬಸಿಯುತ್ತಾನೆ. ನಾನು ಕುಳಿತು, ಗಂಟಲು ಸರಿಮಾಡಿಕೊಂಡು, "ದಸ್ತಗೀರ, ಆ ಅರ್ಜಿಯ ವಿಷಯ..." ಎಂದು ಆರಂಭಿಸುತ್ತೇನೆ. ಅವನು ಕಿವಿಯಿಂದ ಯಂತ್ರವನ್ನು ಮೆಲ್ಲಗೆ ತೆಗೆಯುತ್ತಾನೆ, ಕರವಸ್ತ್ರದಲ್ಲಿ ಸುತ್ತುತ್ತಾನೆ, ಅಂಗಿಯ ಜೇಬಿಗೆ ಹಾಕಿ ಗುಂಡಿ ಹಚ್ಚುತ್ತಾನೆ. ಆಮೇಲೆ ಬಹಳ ಪ್ರೀತಿಯಿಂದ ನನ್ನ ಕಡೆ ತಿರುಗಿ,

"ಹಾಂ, ಈಗ ಹೇಳ್ರಿ ಮಾಸ್ತರ್," ಎನ್ನುತ್ತಾನೆ.