ನೂರ ಹನ್ನೆರಡನೇ ಪುಟದ ಉಬ್ಬರ

ಅನಾಹುತಕ್ಕೆಲ್ಲ ಕಾರಣ ಒಂದೇ ಒಂದು ವಾಕ್ಯ. ‘ಇನ್ನೂರು ವರ್ಷದ ಹಿಂದೆ, ಹುಣ್ಣಿಮೆಯ ಮಟಮಟ ಮಧ್ಯಾಹ್ನ, ಉಬ್ಬರದ ನೀರಿನಡಿ ಅಡಗಿದ್ದ ಕರಿಬಂಡೆಗೆ ಕುಡುಕ ಯಜಮಾನ ಮಕ್‌ಡಾರಾ ಫೋಲನ್ ತನ್ನ ಹಾಯಿದೋಣಿ ಬಡಿಸಿ, ತಾನೂ ಸೇರಿ ಏಳು ಜನರನ್ನು ಮುಳುಗಿಸಿದ’ ಎಂದು ಅಲ್ಟನ್ ಗೆರಟಿ ಮೇಷ್ಟ್ರು ತಮ್ಮ ‘ಐರ್ಲೆಂಡಿನ ಕಡಲ ಕಲಿಗಳು’ ಪುಸ್ತಕದ ನೂರ ಹನ್ನೆರಡನೇ ಪುಟದಲ್ಲಿ ಬರೆದುಬಿಟ್ಟಿದ್ದರು.

ಮೇಷ್ಟ್ರು ಕಡಲಿಂದ ಎಪ್ಪತ್ತು ಮೈಲಿ ಒಳಗೆ ಹುಟ್ಟಿದವರು. ಸ್ನಾನದ ತೊಟ್ಟಿಗಿಳಿಯುವಾಗಲೂ ಅಂಚು ಬಿಡದ ಜೀವ. ನಿವೃತ್ತರಾಗಿ ಈ ಪಶ್ಚಿಮ ತೀರದ ಊರಿಗೆ ಬಂದು, ನಾನೂರು ಪುಟದ ಸಮುದ್ರವನ್ನು ಕಿಟಕಿಯಲ್ಲಿ ಕೂತೇ ಬರೆದು ಮುಗಿಸಿದ್ದರು.

“ಮೇಷ್ಟ್ರೇ, ಹುಣ್ಣಿಮೆ ಮಧ್ಯಾಹ್ನ ಕರಿಬಂಡೆ ಮೇಲೆ ನಾವು ಕೂತು ಇಸ್ಪೀಟು ಆಡ್ತೀವಿ!” ಎಂದು ಪಬ್ಬಿನ ಫೆಸ್ಟಿ ದಿನವೂ ಛೇಡಿಸುತ್ತಿದ್ದ. “ಆ ಹೊತ್ತಲ್ಲಿ ಅದಕ್ಕೆ ಬಡೀಬೇಕಂದ್ರೆ ದೋಣಿಗೆ ಕಾಲು ಇರ್ಬೇಕು!”

ನಗುವನ್ನು ಮೇಷ್ಟ್ರು ಸಹಿಸಿಕೊಂಡಾರು. ಆದರೆ ಡಬ್ಲಿನ್ನಿನ ಪ್ರಕಾಶಕರಿಗೆ ಇದೇ ಪುಟದ ಮೇಲೆ ಮೂರು ತಕರಾರು ಪತ್ರ ಹೋಗಿದ್ದವು. ಮೂರೂ ಒದ್ದೆ, ಮೂರಕ್ಕೂ ‘ಎಂ. ಎಫ್.’ ಎಂಬ ಸಹಿ. ಪ್ರಕಾಶಕರು ಫೋನಿನಲ್ಲಿ ಖಂಡತುಂಡವಾಗಿ ಹೇಳಿದ್ದರು: “ಪುಟ ತಿದ್ದಿ, ತಕರಾರು ಮಾಡಿದವರ ಕೈಲೇ ಸಹಿ ಹಾಕಿಸಿ ಇವತ್ತಿನ ಟಪಾಲಿಗೆ ಕಳಿಸಿ. ಇನ್ನೊಂದು ಪತ್ರ ಬಂತೋ, ಎರಡನೇ ಮುದ್ರಣ ಇಲ್ಲ.”

ಮೇಷ್ಟ್ರು ಅಂಚೆಕಚೇರಿಗೆ ಓಡಿದರು.

“ಎಂ. ಎಫ್.? ಅವರು ದೋಣಿ ಕಟ್ಟೋ ಹಳೇ ದಕ್ಕೆ ತುದೀಲಿ ಸಿಗ್ತಾರೆ,” ಎಂದಳು ಪೋಸ್ಟ್‌ಮಾಸ್ತರ್ ನೋರೀನ್, ಮುದ್ರೆ ಒತ್ತುತ್ತಲೇ. “ಹುಣ್ಣಿಮೆ ದಿನ ಮಾತ್ರ. ನಿಮ್ಮ ಅದೃಷ್ಟ, ಇವತ್ತೇ ಹುಣ್ಣಿಮೆ. ಎರಡು ಗಂಟೆಗೆ ವ್ಯಾನ್ ಬರುತ್ತೆ, ಬೇಗ ಬನ್ನಿ.”

ಅಂದಿನ ಮಂಜು ಎಂಥದ್ದೆಂದರೆ, ಚಾಕುವಿನಿಂದ ಕೊಯ್ದು ಬೆಣ್ಣೆ ಸವರಿ ತಿನ್ನಬಹುದಿತ್ತು. ಹಳೇ ದಕ್ಕೆಯ ತುದಿಯಲ್ಲಿ ಒಂದು ಪುಟ್ಟ ದೋಣಿ, ಅದರಲ್ಲಿ ಉಣ್ಣೆಯಂಗಿ ತೊಟ್ಟ ಒಬ್ಬ ಮುದುಕ. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂದು ಮಳೆ ಮಾತ್ರ ಬಂದಿರಲಿಲ್ಲ.

“ನೂರ ಹನ್ನೆರಡನೇ ಪುಟದ ಮೇಷ್ಟ್ರಾ? ಹತ್ತಿ. ಬಾಯಲ್ಲಿ ಹೇಳೋದಲ್ಲ ಅದು, ಕಣ್ಣಲ್ಲಿ ನೋಡೋದು.”

ಮುದ್ರಣದ ಆಸೆ ಭಯಕ್ಕಿಂತ ದೊಡ್ಡದು. ಮೇಷ್ಟ್ರು ಹತ್ತಿದರು. ಮುದುಕ ಹಳೇ ದೋಣಿಯವರ ಶಾಸ್ತ್ರದಂತೆ ದೋಣಿಯನ್ನು ಸೂರ್ಯ ತಿರುಗುವ ದಿಕ್ಕಿಗೆ ಒಂದು ಸುತ್ತು ತಿರುಗಿಸಿ ಹೊರಟ. ಹುಟ್ಟು ನೀರಿಗೆ ಬೀಳುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಹನ್ನೆರಡು ಗಂಟೆಗೆ ಸರಿಯಾಗಿ ಮಂಜಿನೊಳಗಿಂದ ಕರಿಬಂಡೆ ಎದ್ದು ನಿಂತಿತು. ಆನೆಯ ಬೆನ್ನಿನಷ್ಟು ಎತ್ತರ, ಒಣಒಣ.

“ನೋಡಿದ್ರಾ? ಹುಣ್ಣಿಮೆ ಮಧ್ಯಾಹ್ನ ಇಲ್ಲಿ ಇಳಿತ. ಸಂಜೆ ಆರಕ್ಕೆ ಪೂರ್ತಿ ಉಬ್ಬರ, ಬಂಡೆ ಒಂದು ಗಜ ನೀರಡಿ. ದೋಣಿ ಬಡಿದಿದ್ದು ಆಗ.”

ಮೇಷ್ಟ್ರು ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದೇ ಬರೆದುಕೊಂಡರು. ಸೌಜನ್ಯಕ್ಕೆಂದು ಪೊಟ್ಟಣ ಬಿಚ್ಚಿ, “ಹಂದಿ ಮಾಂಸದ ಬ್ರೆಡ್ಡು ತಂದಿದೀನಿ, ತಗೊಳ್ತೀರಾ?” ಎಂದರು.

“ಅಪಶಕುನ! ಕಬ್ಬಿಣ ಮುಟ್ರೀ!” ಮುದುಕ ಕಿರುಚಿ ಲಂಗರಿಗೆ ಕೈಯಿಟ್ಟ. ಮೇಷ್ಟ್ರೂ ಲಂಗರನ್ನು ತಬ್ಬಿಕೊಂಡರು. “ದೋಣೀಲಿ ಆ ಪ್ರಾಣಿ ಹೆಸರು ಎತ್ತೋದಾ? ಆವತ್ತೂ ಹೀಗೇ ಆಯ್ತು! ನನ್ನ ಹೆಂಡ್ತಿ ತಮ್ಮ, ಆ ಕೋಲಮ್ ದಡ್ಡ, ಚುಕ್ಕಾಣಿ ಹಿಡ್ಕೊಂಡೇ ಆ ಹೆಸರು ಅಂದ. ಮರುಗಳಿಗೆ ಬಂಡೆ. ನಾನು ಒಂದು ತೊಟ್ಟೂ ಕುಡಿದಿರ್ಲಿಲ್ಲ. ಬರ್ಕೊಳ್ಳಿ!”

ಬರೆದುಕೊಂಡ ಮೇಷ್ಟ್ರು ಪುಟ ಮುಂದೆ ಹಿಡಿದರು. ಮುದುಕ ಸಹಿ ಮಾಡಿದ. ವಾಪಸು ಬರುವಾಗ ಮೇಷ್ಟ್ರು ಅದನ್ನು ಓದಿದರು: ‘ಮಕ್‌ಡಾರಾ ಫೋಲನ್, ದೋಣಿ ಯಜಮಾನ.’

ತಲೆಯೆತ್ತಿದರೆ ಎದುರಿನ ಹಲಗೆಯ ಮೇಲೆ ಒಂದು ಬೊಗಸೆ ನೀರು, ಅಷ್ಟೇ. ದೋಣಿ ಮಾತ್ರ ತನ್ನಷ್ಟಕ್ಕೆ ತಾನೇ ದಕ್ಕೆಯತ್ತ ಸಾಗುತ್ತಿತ್ತು.

ದಕ್ಕೆಯಿಂದ ಅಂಚೆಕಚೇರಿಗೆ ಅರ್ಧ ಮೈಲಿ. ಮೇಷ್ಟ್ರ ಕಾಲು ನೆಲ ಮುಟ್ಟಿದ್ದು ಮೂರೇ ಕಡೆ. ಎರಡಕ್ಕೆ ಎರಡು ನಿಮಿಷವಿರುವಾಗ ಪುಟ ಲಕೋಟೆ ಸೇರಿ ವ್ಯಾನು ಹತ್ತಿತು. ಸತ್ತವನ ಸಹಿಯಾದರೇನು, ಸಹಿ ಸಹಿಯೇ! ವ್ಯಾನು ತಿರುವು ದಾಟಿದಾಗ ಮೇಷ್ಟ್ರು ಉಸಿರು ಬಿಟ್ಟರು.

“ನಿಮ್ಮ ಪ್ರಕಾಶಕರಿಗೆ ಇವತ್ತು ಭಾರೀ ಟಪಾಲು ಕಣ್ರೀ,” ಎಂದಳು ನೋರೀನ್, ಕಟ್ಟೆಯ ಮೇಲಿನ ನೀರು ಒರೆಸುತ್ತ. “ನೀವು ಬರೋದಕ್ಕೆ ಸ್ವಲ್ಪ ಮುಂಚೆ ಆರು ಪತ್ರ ಬಂದ್ವು. ಎಲ್ಲಾ ಒದ್ದೆ, ಒಂದರ ಅಂಟು ಬಿಟ್ಟಿತ್ತು, ಸುಮ್ನೆ ಕಣ್ಣಾಡಿಸ್ದೆ. ಯಾರೋ ಕೋಲಮ್ ಅಂತೆ. ‘ಆ ಪ್ರಾಣಿ ಹೆಸರು ಅಂದಿದ್ದು ನಾನಲ್ಲ, ನಮ್ಮ ಭಾವ. ಕುಡಿದೂ ಇದ್ದ. ನೂರ ಹನ್ನೆರಡನೇ ಪುಟ ಪೂರಾ ಸುಳ್ಳು’ ಅಂತ ಬರ್ದಿದಾನೆ.”

“ಆ ಪತ್ರಗಳು ಎಲ್ಲಿ?” ಮೇಷ್ಟ್ರು ಕಟ್ಟೆಯಾಚೆ ಬಾಗಿ ಹುಡುಕಿದರು.

“ಎಲ್ಲಿ ಅಂದ್ರೆ? ನಿಮ್ಮದರ ಜೊತೇಲೇ ವ್ಯಾನಲ್ಲಿ ಹೋದ್ವು. ಹಾಂ, ನಿಮ್ಮ ಹೆಸರಿಗೂ ಒಂದು ಚೀಟಿ ಇದೆ.”

ಚೀಟಿಗೆ ಪಾಚಿಯ ಎಳೆಯೊಂದು ಅಂಟಿತ್ತು. ‘ಮೇಷ್ಟ್ರೇ, ನನ್ನ ದೋಣಿಯ ಹುಡುಗರು ನನ್ನ ಮಾತು ಒಪ್ತಾ ಇಲ್ಲ. ಇವತ್ತು ಉಬ್ಬರದ ಹೊತ್ತಿಗೆ ಏಳೂ ಜನ ನಿಮ್ಮ ಮನೆಗೇ ಬರ್ತೀವಿ, ಕೂತು ತೀರ್ಮಾನ ಮಾಡೋಣ. ಹೊತ್ತು ಎಷ್ಟು ಅಂತ ಹೇಳ್ಬೇಕಿಲ್ಲ, ಈಗ ನಿಮ್ಮ ಪುಸ್ತಕದಲ್ಲೇ ಇದೆ.’

ತಾವು ಬರೆದದ್ದು ತಪ್ಪಾಗಿರಲಿ ಎಂದು ಮೇಷ್ಟ್ರು ದೇವರನ್ನು ಬೇಡಿಕೊಂಡದ್ದು ಬದುಕಿನಲ್ಲಿ ಅದೇ ಮೊದಲು. ಮನೆಗೆ ಓಡಿ, ಬಾಗಿಲಿಗೆ ಮೇಜು, ಮೇಜಿಗೆ ಮಂಚ, ಮಂಚಕ್ಕೆ ಮಾರಾಟವಾಗದ ಇನ್ನೂರು ಪುಸ್ತಕ ಒತ್ತಿಟ್ಟು ಕೂತರು.

ಉಬ್ಬರ ಸಂಜೆ ಆರಕ್ಕೆ ಸರಿಯಾಗಿ ಬಂತು. ಒಂದು ನಿಮಿಷವೂ ಆಚೀಚೆ ಇಲ್ಲ. ಮೊದಲು ಹೊಸಲಿನಡಿಯಿಂದ ನೀರು ಒಳಗೆ ಹರಿಯಿತು. ಆಮೇಲೆ ಯಾರೋ ಬಾಗಿಲು ತಟ್ಟಿದರು.