ಭಾನುವಾರ ಕಾದ ಹೋಮ್ ಎಡಿಷನ್

ಹಾಸಿಗೆ ಕಂಪನಿಯ ಗುಮಾಸ್ತನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಭಾನುವಾರ ಊಟ ಮುಗಿಸಿ, ಕಿಟಕಿ ಪಕ್ಕದ ಮೆತ್ತನೆ ಹಾಸಿಗೆಯಲ್ಲಿ ಸಂಜೆವರೆಗೆ ಗೊರಕೆ ಹೊಡೆದರೆ ಅವನ ಜನ್ಮ ಸಾರ್ಥಕ. ಆ ಹೊತ್ತಿನಲ್ಲಿ ಸದ್ದಾಗಬಾರದೆಂದು ಹೆಂಡತಿ ಕರೆಗಂಟೆಗೂ ಬಟ್ಟೆ ಸುತ್ತಿಡುತ್ತಿದ್ದಳು. ಇಂಥ ಭಾನುವಾರದ ಮೇಲೆ ಹೊಸ ಮ್ಯಾನೇಜರರ ಕಣ್ಣು ಬಿತ್ತು.

ಶನಿವಾರ ಬೆಳಿಗ್ಗೆ ಅವರು ಎಲ್ಲರನ್ನೂ ಸೇರಿಸಿ, "ಕೆಲಸ ಬೆಟ್ಟದಷ್ಟು ಬಿದ್ದಿದೆ. ನಾಳೆಯಿಂದ ಭಾನುವಾರವೂ ಮಾಡೋಣ. ಗಾಬರಿ ಬೇಡ, ನಿಮ್ಮ ಮನೆ ಕಂಪ್ಯೂಟರಲ್ಲೇ ಮಾಡಿ. ನಾನು ನಮ್ಮನೇಲಿ ಕೂತೇ ಇಂಟರ್ನೆಟ್ಟಲ್ಲಿ ನಿಮ್ಮ ಕಂಪ್ಯೂಟರ್ ಪರದೆ ತೆಗೆದು ನೋಡ್ತಿರ್ತೀನಿ" ಎಂದರು.

ಎಲ್ಲರ ಮುಖ ಬಾಡಿತು. ಗುಮಾಸ್ತನಿಗೆ ಮಾತ್ರ ಒಳಗೊಳಗೇ ಖುಷಿ. ಮೇಲೆ ಜೋಲುಮೋರೆ ಹಾಕಿಕೊಂಡು ಎದ್ದು ನಿಂತ.

"ಸಾರ್, ನನ್ನ ಕಂಪ್ಯೂಟರ್ ನಡೆಸೋ ತಂತ್ರಾಂಶ ಹೋಮ್ ಎಡಿಷನ್ನು. ಬಿಸಿನೆಸ್ ಎಡಿಷನ್ ಅಲ್ಲ."

"ಏನ್ರೀ ವ್ಯತ್ಯಾಸ?"

"ಮೇಲ್ನೋಟಕ್ಕೆ ಎರಡೂ ಒಂದೇ ಸಾರ್. ಪತ್ರ ಬರೀಬಹುದು, ಹಾಡು ಕೇಳಬಹುದು. ಆದ್ರೆ ಬಿಸಿನೆಸ್ ಎಡಿಷನ್ನನ್ನ ಆಫೀಸಿನ ಜಾಲಕ್ಕೆ ಸೇರಿಸಬಹುದು, ದೂರದಿಂದ ತೆಗೆದು ನಡೆಸಬಹುದು, ಮೇಲಿನೋರು ಹಾಕಿದ ನಿಯಮಕ್ಕೆಲ್ಲ ಅದು ತಲೆ ಆಡಿಸುತ್ತೆ. ಹೋಮ್ ಎಡಿಷನ್ನು ಬಾಗಿಲು ಹಾಕ್ಕೊಂಡು ಮಲಗಿರೋ ಮನೆ ಥರ. ಹೊರಗಿಂದ ಎಷ್ಟು ತಟ್ಟಿದ್ರೂ ತೆಗೆಯಲ್ಲ."

ಭಾವಮೈದನ ಬಾಯಿಂದ ಎಂದೋ ಕೇಳಿದ್ದ ಪಾಠ ಇಷ್ಟು ಚೆನ್ನಾಗಿ ಒಪ್ಪಿಸಿದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ. ಆದರೆ ಮನೆಯಲ್ಲಿ ಬಿಸಿನೆಸ್ ಎಡಿಷನ್ನೇ ಇದ್ದ ಪಕ್ಕದ ಮೇಜಿನವನಿಗೆ ಹೊಟ್ಟೆ ಉರಿಯಿತು. ಎಲ್ಲರ ವಿಷಯಕ್ಕೂ ಮೂಗು ತೂರಿಸುತ್ತಿದ್ದ ಆತನನ್ನು ಆಫೀಸಿನವರು ಪತ್ತೇದಾರ ಎಂದೇ ಕರೆಯುತ್ತಿದ್ದರು.

"ಸಾರ್, ಇವನ ಭಾವಮೈದ ಕಂಪ್ಯೂಟರ್ ರಿಪೇರಿಯವನು. ಇವನ ಹತ್ರ ಬರೀ ಹೋಮ್ ಇರುತ್ತಾ? ಬೇಕಾದ್ರೆ ನಾನೇ ಹೋಗಿ ನೋಡ್ಕೊಂಡು ಬರ್ತೀನಿ."

"ಧಾರಾಳವಾಗಿ ಬಾರಯ್ಯ" ಎಂದ ಗುಮಾಸ್ತ ಎದೆ ಉಬ್ಬಿಸಿ. ಮಧ್ಯಾಹ್ನ ಇಬ್ಬರೂ ಹೊರಟರು.

ಪತ್ತೇದಾರ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗ ಗುಮಾಸ್ತ ಒಳಗೆ ಕಾಲಿಟ್ಟ. ಭಾವಮೈದ ಕಂಪ್ಯೂಟರ್ ಮುಂದೆ ಹಲ್ಲು ಕಿರಿಯುತ್ತ ಕೂತಿದ್ದ.

"ಭಾವ, ನಿಮ್ಮ ಹುಟ್ಟುಹಬ್ಬಕ್ಕೆ ಉಡುಗೊರೆ! ಹೋಮ್ ಹೋಯ್ತು, ಬಿಸಿನೆಸ್ ಬಂತು. ಡಿಸ್ಕಿಗೆ ಭದ್ರವಾದ ಬೀಗ. ಇನ್ನು ಯಾವ ಮೂಲೇಲಿ ಕೂತ್ರೂ ನಿಮ್ಮ ಕಂಪ್ಯೂಟರ್ ತೆಗೀಬಹುದು!"

ಗುಮಾಸ್ತ ಅಡುಗೆಮನೆಗೆ ಓಡಿದ. ಹೆಂಡತಿಯ ಕಿವಿಯಲ್ಲಿ, "ಆ ಮಹಾನುಭಾವನಿಗೆ ಹೊರಗೇ ಕಾಫಿ ಕೊಡು, ಒಳಗೆ ಬಿಡಬೇಡ" ಎಂದು ಪಿಸುಗುಟ್ಟಿ, ಕೋಣೆಯ ಬಾಗಿಲು ಹಾಕಿಕೊಂಡು ಭಾವಮೈದನ ಕೈ ಹಿಡಿದ. "ನಿನ್ನ ದಮ್ಮಯ್ಯ ಅಂತೀನಿ, ಮೊದಲಿನದೇ ಹಾಕೋ!"

"ಎಲ್ರೂ ಮೇಲಕ್ಕೆ ಹೋಗ್ತಾರೆ, ನೀವೇನು ಭಾವ ಕೆಳಗೆ ಇಳೀತೀನಿ ಅಂತೀರ? ಅದಕ್ಕೆ ಇರೋದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕು."

"ಅಳಿಸು."

"ಅಕ್ಕನ ಪ್ರವಾಸದ ಫೋಟೋಗಳೆಲ್ಲ ಇದರಲ್ಲೇ ಇವೆ."

ಗುಮಾಸ್ತ ಕಿಟಕಿ ಪಕ್ಕದ ಹಾಸಿಗೆಯನ್ನೊಮ್ಮೆ ಆಸೆಯಿಂದ ನೋಡಿದ. ಕಣ್ಣು ಮುಚ್ಚಿಕೊಂಡು, "ಅಳಿಸು!" ಎಂದ.

ಹೊರಗೆ ಪತ್ತೇದಾರ ಒಂದರ ಮೇಲೊಂದು ಕಾಫಿ ಕುಡಿದ. ಹೆಂಡತಿ ತನ್ನ ಬಳಗದ ಕಾಯಿಲೆಗಳನ್ನೆಲ್ಲ ಒಂದೂ ಬಿಡದೆ ವರ್ಣಿಸಿದಳು. ಕೊನೆಗೆ ತಡೆಯಲಾರದೆ ಆತ ಕೋಣೆಗೆ ನುಗ್ಗಿದಾಗ ಪರದೆಯ ಮೇಲೆ ಹೋಮ್ ಎಡಿಷನ್ ಹಸುಗೂಸಿನಂತೆ ನಗುತ್ತಿತ್ತು. ಪೆಚ್ಚಾದ ಪತ್ತೇದಾರ ಮ್ಯಾನೇಜರಿಗೆ ಫೋನು ಹಚ್ಚಿ ಗುಮಾಸ್ತನ ಕೈಗಿತ್ತ.

"ಖಂಡಿತಾ ಹೋಮೇ ಏನ್ರೀ? ದೂರದಿಂದ ತೆಗೆಯೋಕಾಗಲ್ವಾ?"

"ಆಗೋದೇ ಇಲ್ಲ ಸಾರ್!"

"ಹಾಗಾದ್ರೆ ಹತ್ತಿರದಿಂದಲೇ ನೋಡಿದ್ರಾಯ್ತು. ನಾಳೆ ನಿಮ್ಮನೆಗೇ ಬಂದುಬಿಡ್ತೀನಿ. ನಮ್ಮನೇಲಿ ಮಕ್ಕಳ ಗಲಾಟೆ, ನನ್ನ ಲ್ಯಾಪ್‌ಟಾಪ್ ತಂದು ಅಲ್ಲೇ ಕೂತು ಉಳಿದೋರ ಪರದೇನೂ ನೋಡ್ತೀನಿ."

ಗುಮಾಸ್ತ ಹಾಸಿಗೆಯ ಮೇಲೆ ದೊಪ್ಪನೆ ಕುಸಿದ. ಅಷ್ಟರಲ್ಲಿ ಫೋಟೋ ಹುಡುಕುತ್ತಿದ್ದ ಹೆಂಡತಿಯ ಕೂಗು ಪಕ್ಕದ ಬೀದಿಗೂ ಕೇಳಿಸಿತು.

ಮರುದಿನ ಮ್ಯಾನೇಜರು ಬಂದರು, ಊಟ ಮಾಡಿದರು, ಆಕಳಿಸಿದರು. ಗಂಡನ ಮೇಲಿನ ಸಿಟ್ಟು ಇಳಿಯದ ಹೆಂಡತಿ ಕಿಟಕಿ ಪಕ್ಕದ ಹಾಸಿಗೆಗೆ ಹೊಸ ಹೊದಿಕೆ ಹಾಸಿ, "ಸ್ವಲ್ಪ ಹೊತ್ತು ಅಡ್ಡಾಗಿ ಸಾರ್. ಇವರು ಕೆಲಸ ಬಿಟ್ಟು ಏಳದ ಹಾಗೆ ನಾನು ನೋಡ್ಕೋತೀನಿ" ಎಂದಳು. ಕ್ಷಣದಲ್ಲೇ ಗೊರಕೆ ಶುರುವಾಯಿತು.

ಗುಮಾಸ್ತನ ಫೋನಿಗೆ ಪತ್ತೇದಾರನ ಸಂದೇಶ ಬಂತು: "ಸಾಹೇಬರು ಮಲಗಿದ್ರಾ? ಹೇಳಯ್ಯ, ನಾವೆಲ್ಲ ಮಲಗೋಕೆ ಕಾಯ್ತಿದೀವಿ."

ಗುಮಾಸ್ತ ಹಲ್ಲು ಕಡಿಯುತ್ತ ಕಂಪ್ಯೂಟರಿನ ಕೀಲಿಮಣೆ ಕುಟ್ಟಿದ.

"ಮೆತ್ತಗೆ ಒತ್ರೀ, ಸಾಹೇಬರಿಗೆ ಎಚ್ಚರ ಆಗುತ್ತೆ" ಎಂದು ಗದರಿ, ಹೆಂಡತಿ ಕರೆಗಂಟೆಗೆ ಬಟ್ಟೆ ಸುತ್ತಲು ಹೋದಳು.